ಗೊರಕೆಯ ವಿಡಿಯೊ ಇದೆ, ಸ್ಲೀಪ್ ಸ್ಟಡಿ ಯಾಕೆ?

ಪ್ರಶ್ನೆ: ಮಗನಿಗೆ 5 ವರ್ಷ. ದಿನಾ ಗೊರಕೆ, ಬಾಯಿ ತೆರೆದೇ ಮಲಗುತ್ತಾನೆ. ವಿಡಿಯೊ ತೋರಿಸಿದರೂ ಡಾಕ್ಟರ್ ಸ್ಲೀಪ್ ಸ್ಟಡಿ (ಲ್ಯಾಬಿನಲ್ಲಿ ರಾತ್ರಿಯಿಡೀ ಮಲಗಿಸಿ ನಿದ್ದೆ, ಉಸಿರು, ಆಕ್ಸಿಜನ್ ಅಳೆಯುವ ಪರೀಕ್ಷೆ) ಮಾಡಿಸಿ ಅಂದರು. ಮಲಗಿದ ಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿದೆವು, 97 ಇತ್ತು. ಆದರೂ ಬೇಕಾ?

ಉತ್ತರ: ಬೇಕು. ಈ 97ರ ಮಾತು ಕೇಳಿ ಕೇಳಿ ಸಾಕಾಗಿದೆ. ಅದು ಒಂದು ಗಳಿಗೆಯ ಅಂಕಿ ಅಷ್ಟೇ. ಇಡೀ ರಾತ್ರಿಯ ಗ್ರಾಫಿನಲ್ಲಿ ಆಕ್ಸಿಜನ್ ಪದೇ ಪದೇ ಕುಸಿದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ ಅನ್ನಬಹುದು. ಕುಸಿಯದಿದ್ದರೆ ತೊಂದರೆ ಇಲ್ಲ ಅನ್ನಲು ಆಗುವುದಿಲ್ಲ. ಎಷ್ಟೋ ಮಕ್ಕಳಲ್ಲಿ ಉಸಿರು ಕಟ್ಟಿದರೂ ಆಕ್ಸಿಜನ್ ಹೆಚ್ಚು ಇಳಿಯುವುದಿಲ್ಲ.

ವಿಡಿಯೊ ಖಂಡಿತ ಉಪಯೋಗ. ಆದರೆ ಬಹಳ ಜನ ರಾತ್ರಿ 10ಕ್ಕೆ, ಹೊದಿಕೆ ಮೇಲಿಂದ, ಅರ್ಧ ನಿಮಿಷ ತೆಗೆದು ತರುತ್ತಾರೆ. ಕನಸು ಬೀಳುವ ನಿದ್ದೆಯಲ್ಲಿ ಉಸಿರು ಜಾಸ್ತಿ ಕಟ್ಟುತ್ತದೆ, ಆ ನಿದ್ದೆ ಬೆಳಗಿನ ಜಾವದ ಕಡೆಗೇ ಹೆಚ್ಚು. 3ರಿಂದ 5 ಗಂಟೆಯೊಳಗೆ ಎದ್ದು, ಬನಿಯನ್ ಮೇಲೆತ್ತಿ, ಐದು ನಿಮಿಷ ತೆಗೆಯಿರಿ. ಹೊಟ್ಟೆ ಉಬ್ಬುವಾಗ ಎದೆ ಒಳಕ್ಕೆ ಹೋಗುತ್ತದಾ? ಗೊರಕೆ ನಿಂತು, ಸದ್ದೇ ಇಲ್ಲದೆ, ಆಮೇಲೆ ಏದುಸಿರು ಬಿಡುತ್ತಾನಾ? ಕತ್ತು ಹಿಂದಕ್ಕೆ ಚಾಚಿದ್ದರೆ ಸರಿಮಾಡಬೇಡಿ, ಹಾಗೇ ತೆಗೆಯಿರಿ.

ಇನ್ನು ಪರೀಕ್ಷೆ. ಹೋಗುವ ಮೊದಲು ಲ್ಯಾಬಿನವರನ್ನು ಒಂದು ಮಾತು ಕೇಳಿ: ರಿಪೋರ್ಟ್ ಮಕ್ಕಳ ಲೆಕ್ಕದಲ್ಲಿ ಬರೆಯುತ್ತೀರಾ? ದೊಡ್ಡವರಲ್ಲಿ ಉಸಿರು 10 ಸೆಕೆಂಡ್ ನಿಂತರೆ ಒಂದು ಎಂದು ಎಣಿಸುತ್ತಾರೆ. ಮಗುವಿಗೆ ಎರಡು ಉಸಿರಿನಷ್ಟು ಹೊತ್ತು ನಿಂತರೂ ಲೆಕ್ಕವೇ. ದೊಡ್ಡವರಿಗೆ ಗಂಟೆಗೆ 5ರೊಳಗಿದ್ದರೆ ನಾರ್ಮಲ್, ಮಕ್ಕಳಿಗೆ 1 ದಾಟಿದರೇ ಅಲ್ಲ. ಗಂಟೆಗೆ 4 ಸಲ ಉಸಿರು ಕಟ್ಟಿದ ಮಗುವಿನ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಆ ಕಾಗದ ನಂಬಿ ಮನೆಯವರು ಒಂದು ವರ್ಷ ಸುಮ್ನೆ ಇದ್ದರು. ನನಗೆ ಇವತ್ತಿಗೂ ಸಂಕಟ.

ಮಕ್ಕಳ ಲ್ಯಾಬ್ ಊರಿನ ಹತ್ತಿರ ಇಲ್ಲವಾ? ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿರುವ, ಟಾನ್ಸಿಲ್‌ನಂಥದೇ ಗಡ್ಡೆ) ದೊಡ್ಡದಾಗಿದ್ದು, ವಿಡಿಯೊ ಮತ್ತು ರಾತ್ರಿಯಿಡೀ ತೆಗೆದ ಆಕ್ಸಿಜನ್ ಗ್ರಾಫ್ ಎರಡೂ ಒಂದೇ ಮಾತು ಹೇಳಿದರೆ ಇಎನ್‌ಟಿ ಡಾಕ್ಟರ್ ಅವನ್ನು ತೆಗೆಯುವ ಆಪರೇಷನ್‌ಗೆ ಮುಂದುವರಿಯಬಹುದು. ಆದರೆ 2 ವರ್ಷದೊಳಗಿನ, ತುಂಬಾ ದಪ್ಪಗಿರುವ ಅಥವಾ ಡೌನ್ ಸಿಂಡ್ರೋಮ್ ಇರುವ ಮಗುವಾದರೆ, ಎಷ್ಟು ದೂರವಾದರೂ ಸ್ಲೀಪ್ ಸ್ಟಡಿ ಮಾಡಿಸದೆ ಆಪರೇಷನ್‌ಗೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಪರೀಕ್ಷೆಯ ರಾತ್ರಿ ನಿದ್ದೆ ಬರಲಿ ಅಂತ ಶೀತದ ಸಿರಪ್ ಕೊಡಬಹುದಾ?
ಉತ್ತರ: ಬೇಡವೇ ಬೇಡ.

ಪ್ರಶ್ನೆ: ಬಾಯಿಗೆ ಟೇಪ್ ಅಂಟಿಸಿದರೆ ಗೊರಕೆ ನಿಲ್ಲುತ್ತದಂತೆ?
ಉತ್ತರ: ಮೂಗು ಕಟ್ಟಿದ ಮಗುವಿಗೆ ಉಳಿದಿರುವುದೇ ಆ ಬಾಯಿ. ಇದನ್ನು ಹೇಳಿಕೊಟ್ಟವರ ಹತ್ತಿರ ಇನ್ನು ಹೋಗಬೇಡಿ.

ಪ್ರಶ್ನೆ: ಮಗಳು ಹಗಲು ತೂಕಡಿಸುವುದೇ ಇಲ್ಲ, ಒಂದು ಕಡೆ ಕೂರುವುದೂ ಇಲ್ಲ. ಹಾಗಾದರೆ ನಿದ್ದೆ ಸರಿಯಾಗಿದೆ ಅಲ್ವಾ?
ಉತ್ತರ: ನಿದ್ದೆ ಕೆಟ್ಟ ಮಕ್ಕಳು ಹಾಗೇ ಕುಣಿದಾಡುತ್ತಾರೆ. ಗೊರಕೆಯೂ ಇದ್ದರೆ ತೋರಿಸಿ.