ಬೆನ್ನು ಒತ್ತಿಸಿಕೊಂಡರೆ ಓಟ ಜಾಸ್ತಿಯಾಗುತ್ತದೆಯೇ?

ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಅವರ ಮಗಳು ಕಾಲೇಜು ತಂಡದಲ್ಲಿ 400 ಮೀಟರ್ ಓಡುತ್ತಾಳೆ. ಬೆನ್ನುಮೂಳೆಯನ್ನು ಲಟಕ್ ಅನ್ನಿಸುವ ಥೆರಪಿಸ್ಟ್ ಒಬ್ಬರು, 'ನಿನ್ನ ಬೆನ್ನುಹುರಿಯ ರಿಫ್ಲೆಕ್ಸ್ ಕೆಟ್ಟಿದೆ, ಹತ್ತು ಸಲ ಬಾ, ರೀಸೆಟ್ ಮಾಡ್ತೀನಿ, ವೇಗವೂ ಹೆಚ್ಚುತ್ತೆ' ಎಂದರಂತೆ. ಮೇಷ್ಟ್ರಿಗೆ ಸಿಟ್ಟು ಬಂದಿದೆ. 'ಒತ್ತುವುದು, ತಿಕ್ಕುವುದು, ನೀವುವುದು ಎಲ್ಲವೂ ಶುದ್ಧ ಬುರುಡೆ ಎಂದು ನಿಮ್ಮ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ' ಎಂದು ಕೇಳಿದ್ದಾರೆ.

ಮೇಷ್ಟ್ರೇ, ಅರ್ಧ ಹಾಕುತ್ತೇನೆ. ಇನ್ನರ್ಧಕ್ಕೆ ನನ್ನ ತಕರಾರಿದೆ.

ನೀವು ಗೆದ್ದ ಅರ್ಧವನ್ನು ಬೇಗ ಮುಗಿಸಿಬಿಡೋಣ. ಆಟಗಾರರ ಮಸಾಜ್ ಬಗ್ಗೆ ನಡೆದ 29 ಅಧ್ಯಯನಗಳನ್ನು 2020ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬಲ, ಜಿಗಿತ, ಓಟ, ದಮ್ಮು ಯಾವುದೂ ಅದರಿಂದ ಹೆಚ್ಚಿದ್ದು ಕಾಣಲಿಲ್ಲ. ಮೈ ಸ್ವಲ್ಪ ಸಡಿಲಾಯಿತು, ಮರುದಿನದ ಮೈಕೈ ನೋವು ಸ್ವಲ್ಪ ಇಳಿಯಿತು, ಅಷ್ಟೇ. ಇನ್ನು ರಿಫ್ಲೆಕ್ಸ್. ಮಂಡಿಚಿಪ್ಪಿನ ಕೆಳಗೆ ಸುತ್ತಿಗೆ ತಾಗಿಸಿದರೆ ಕಾಲು ತಾನಾಗಿ ಚಿಮ್ಮುತ್ತದಲ್ಲ, ಅದೇ. ಎರ್ಬ್, ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು 1875ರಲ್ಲಿ ಬೇರೆ ಬೇರೆಯಾಗಿ ಇದರ ಬಗ್ಗೆ ಬರೆದರು. ಸ್ನಾಯು ಎಳೆದ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಮೆದುಳನ್ನು ಕೇಳದೆಯೇ ಅಲ್ಲಿಂದ ಅಪ್ಪಣೆ ವಾಪಸ್ ಬರುತ್ತದೆ. ಆರೋಗ್ಯವಾಗಿ ಓಡುವ ಹುಡುಗಿಯಲ್ಲಿ ಇದು 'ಕೆಟ್ಟಿದೆ' ಎಂದು ಬರೀ ಬೆನ್ನು ಮುಟ್ಟಿ ಹೇಳಲು ಯಾರಿಂದಲೂ ಆಗದು.

ಈಗ ನನ್ನ ಅರ್ಧ. ಇದೇ ರಿಫ್ಲೆಕ್ಸಿನ ಒಬ್ಬ ಸೋದರನಿದ್ದಾನೆ. ಮಂಡಿಯ ಹಿಂದಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು, ಮೀನಖಂಡ ಎಷ್ಟು ಅದುರಿತು ಎಂದು ಅಳೆಯುತ್ತಾರೆ. ಮೊದಲು ಗುರುತಿಸಿದ ಹಾಫ್‌ಮನ್ ಹೆಸರಿನಲ್ಲಿ ಅದಕ್ಕೆ ಎಚ್-ರಿಫ್ಲೆಕ್ಸ್ ಎನ್ನುತ್ತಾರೆ. 1990ರ ಸುಮಾರಿಗೆ ಕೆನಡಾದ ಸಂಶೋಧಕರು ಮೀನಖಂಡವನ್ನು ಕೈಯಿಂದ ನಾದುತ್ತಲೇ ಇದನ್ನು ಅಳೆದರು. ಆ ಅದುರು ತಗ್ಗಿತು. ಅದೂ ನಾದಿದ ಸ್ನಾಯುವಿನಲ್ಲಿ ಮಾತ್ರ. ಕೈ ತೆಗೆದರು, ಮತ್ತೆ ಮೊದಲಿನಂತಾಯಿತು.

'ನೋಡಿದಿರಾ, ನಿಲ್ಲಲಿಲ್ಲ' ಎನ್ನುತ್ತೀರಿ. ಒಪ್ಪಿದೆ, ರೀಸೆಟ್ ಆಗಲಿಲ್ಲ. ಅಲ್ಲದೆ, ಓಟಕ್ಕೆ ನಿಂತವಳ ಕಾಲಿನಲ್ಲಿ ಇದು ತಗ್ಗಿ ಏನಾಗಬೇಕು! ಆದರೆ ಕೈ ಇದ್ದಷ್ಟು ಹೊತ್ತು ತಗ್ಗಿತಲ್ಲ? ಚರ್ಮದ ಮೇಲಿನ ಒಂದು ಅಂಗೈ ಬೆನ್ನುಹುರಿಯವರೆಗೆ ಮಾತು ಮುಟ್ಟಿಸಿತಲ್ಲ? ನನಗೆ ಅದೇ ದೊಡ್ಡ ಸಂಗತಿ.

ಹೊಸಿಲಿಗೆ ಕಾಲ್ಬೆರಳು ತಾಗಿದರೆ ಮೊದಲು ಏನು ಮಾಡುತ್ತೇವೆ? ಉಜ್ಜಿಕೊಳ್ಳುತ್ತೇವೆ. ಅದು ಏಕೆ ಹಿತ ಎಂಬುದಕ್ಕೆ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಒಂದು ಉತ್ತರ ಕೊಟ್ಟರು. ಸ್ಪರ್ಶದ ಸುದ್ದಿ ತರುವ ದಪ್ಪ ನರದ ಎಳೆಗಳು ಬೆನ್ನುಹುರಿಯಲ್ಲಿ ನೋವಿನ ದಾರಿಯ ಗೇಟನ್ನು ಅರೆ ಮುಚ್ಚುತ್ತವೆ ಎಂದರು. ಅವರ ನಕ್ಷೆಯ ವಿವರಗಳನ್ನು ಆಮೇಲೆ ತಿದ್ದಿದ್ದಾರೆ. ನೋವು ಬಂದ ಹಾಗೇ ಮೇಲಕ್ಕೆ ಹೋಗುವುದಿಲ್ಲ, ಬೆನ್ನುಹುರಿಯಲ್ಲೇ ಅದಕ್ಕೆ ತಡೆ ಇದೆ ಎಂಬ ಮಾತು ನಿಂತಿದೆ. ಸ್ವೀಡನ್ನಿನವರು ಇನ್ನೊಂದು ಚೆಂದದ ಕೆಲಸ ಮಾಡಿದರು. ಮೆಲ್ಲಗೆ ಸವರುವುದಕ್ಕೆಂದೇ ಮಿಡಿಯುವ ತೆಳು ನರಗಳು ನಮ್ಮ ಚರ್ಮದಲ್ಲಿವೆ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಇಷ್ಟ ಎಂದು ತೋರಿಸಿದರು. ಮಗುವಿನ ಬೆನ್ನು ಸವರುವ ಅಜ್ಜಿಯ ಕೈ ಯಾವ ಅಳತೆಪಟ್ಟಿಯೂ ಇಲ್ಲದೆ ಅದೇ ವೇಗದಲ್ಲಿ ಹೋಗುತ್ತದೆ.

ಮೈಸೂರಿನ ಗರಡಿಮನೆಗಳಲ್ಲಿ ಕುಸ್ತಿ ಮುಗಿದ ಮೇಲೆ ಮಾಲೀಸು ಇರುತ್ತಿತ್ತು. 'ಮೈ ಹಗುರ ಆಗ್ತದೆ' ಎನ್ನುತ್ತಿದ್ದರೇ ಹೊರತು, ತಿಕ್ಕಿಸಿಕೊಂಡವನೇ ಗೆಲ್ಲುತ್ತಾನೆ ಎಂದು ಯಾವ ಉಸ್ತಾದನೂ ಚೀಟಿ ಬರೆದುಕೊಟ್ಟಿದ್ದು ನಾನು ಕೇಳಿಲ್ಲ. ನೀವೂ ಅಷ್ಟೇ ಮೇಷ್ಟ್ರೇ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವ್ವ ಅಂಗಾಲಿಗೆ ಎಣ್ಣೆ ತಿಕ್ಕಿದರೆ ನಿದ್ದೆ ಬರುತ್ತಿತ್ತು ಎಂದು ಎರಡನೇ ಪುಟದಲ್ಲಿ ಬರೆದು, ಮೂರನೇ ಪುಟದಲ್ಲಿ ಎಲ್ಲ ಬುರುಡೆ ಎಂದಿದ್ದೀರಿ. ಇಷ್ಟು ಅವಸರ ಬೇಡ.

ನನ್ನ ಕೋಪ ಬೇರೆ ಕಡೆ ಇದೆ. ಈಗ ಡಾಕ್ಟರು ರೋಗಿಯನ್ನು ಮುಟ್ಟುವುದೇ ಕಡಿಮೆಯಾಗಿದೆ. ಬೆನ್ನು ಹಿಡಿದುಕೊಂಡು ನಾನು ಹೋದಾಗ ಒಬ್ಬರು ಕುರ್ಚಿಯಿಂದ ಏಳಲಿಲ್ಲ, ಎಲ್ಲಿ ನೋವು ಎಂದು ಬೆರಳಿಟ್ಟೂ ನೋಡಲಿಲ್ಲ. ಸ್ಕ್ಯಾನ್ ನೋಡಿ 'ಡಿಸ್ಕ್ ಸವೆದಿದೆ' ಎಂದರು. ಅಯ್ಯೋ, ಯಾರದು ಸವೆದಿಲ್ಲ? ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವರದಿಯಲ್ಲಿ 20 ವರ್ಷದವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. 80 ವರ್ಷದವರಲ್ಲಿ 96. ಬೆನ್ನುನೋವಿಗೆ ಮೊದಲು ಧೈರ್ಯ ಹೇಳಿ, ಓಡಾಡಿಸಿ, ವ್ಯಾಯಾಮ ಮಾಡಿಸಿ, ಆಮೇಲೆ ಬೇಕಿದ್ದರೆ ಕೈಚಿಕಿತ್ಸೆ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2018ರಲ್ಲಿ ಲೇಖನಮಾಲೆಯನ್ನೇ ಹಾಕಿತು. ಧೈರ್ಯ ಹೇಳಲು ಟೈಮ್ ಯಾರಿಗಿದೆ? ಮುಟ್ಟಿ ನೋಡುವವರು ಎದ್ದುಹೋದ ಜಾಗಕ್ಕೆ ರೀಸೆಟ್ ಮಾಡುವವರು ಬಂದು ಕೂತಿದ್ದಾರೆ. ಇವರದು ಹಳೆಯ ವಂಶ ಬಿಡಿ. 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್ ಊರಿನಲ್ಲಿ ಪಾಮರ್ ಎಂಬಾತ ಬೆನ್ನುಮೂಳೆ ಒತ್ತಿ ಒಬ್ಬನ ಕಿವುಡು ವಾಸಿಮಾಡಿದೆ ಎಂದು ಹೇಳಿಕೊಂಡ. ಬೆನ್ನುಮೂಳೆ ಒತ್ತುವ ಕೈರೋಪ್ರಾಕ್ಟಿಕ್ ಎಂಬ ಪದ್ಧತಿ ಹುಟ್ಟಿದ್ದೇ ಹಾಗೆ.

ಮಗಳ ವಿಷಯಕ್ಕೆ ಬರುತ್ತೇನೆ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು, ಮೂತ್ರ ತಡೆಯಲಾಗದಿರುವುದು, ಇಂಥದ್ದೇನಾದರೂ ಇದ್ದರೆ ತಿಕ್ಕಿಸುತ್ತ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕುತ್ತಿಗೆಯನ್ನು ಗಕ್ಕನೆ ತಿರುಗಿಸಲು ಯಾರಿಗೂ ಬಿಡಬೇಡಿ, ಕ್ಷೌರದಂಗಡಿಯಲ್ಲೂ ಅಷ್ಟೇ. ಅಪರೂಪಕ್ಕಾದರೂ ಅಲ್ಲಿನ ರಕ್ತನಾಳ ಹರಿದು ಲಕ್ವ ಹೊಡೆದದ್ದಿದೆ. ಹತ್ತು ಸಲದ ದುಡ್ಡು ಮೊದಲೇ ಕಟ್ಟಿದ್ದರೆ ವಾಪಸ್ ಕೇಳಿ. ಕೊಡುವುದಿಲ್ಲ ಎಂದರೆ, ಬೆನ್ನು ಲಟಕ್ ಅನ್ನಿಸುವುದು ಬೇಡ, ಓಟ ಮುಗಿದ ಸಂಜೆ ಹುಡುಗಿಯ ಮೀನಖಂಡ ತಿಕ್ಕಿಕೊಡಿ ಎಂದು ಹೇಳಿ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಿ.

— ಸಂಪಾದಕ