ವಾಟರ್‌ಫರ್ಡ್ ನಗರದ ಗಡಿ ವಿಸ್ತರಣೆಯನ್ನು ಕಿಲ್ಕೆನ್ನಿ ಜನ ಯಾಕೆ ವಿರೋಧಿಸಿದರು?

ತೆರಿಗೆ ಆದಾಯ ಕೈತಪ್ಪುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ಮನಸ್ಸಿಗೆ ನಾಟಿದ್ದು ಹರ್ಲಿಂಗ್ ಎಂಬ ಆಟದ ಅಭಿಮಾನ.

ಐರ್ಲೆಂಡಿನ ವಾಟರ್‌ಫರ್ಡ್ ನಗರ ನದಿಯಾಚೆಗೂ ಬೆಳೆದಿದೆ. ಅಲ್ಲಿನ ಫೆರಿಬ್ಯಾಂಕ್‌ನ ಒಂದಷ್ಟು ಭಾಗ ಪಕ್ಕದ ಕಿಲ್ಕೆನ್ನಿ ಕೌಂಟಿಯದು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಹಾಗಾಗಿ ರಸ್ತೆ, ಬಸ್ಸು ಅಂದರೆ ಎರಡು ಆಡಳಿತಗಳು ಕೂತು ಮಾತಾಡಬೇಕು. ಆ ಭಾಗವನ್ನು ವಾಟರ್‌ಫರ್ಡ್‌ಗೆ ಸೇರಿಸುವುದೇ ಗಡಿ ವಿಸ್ತರಣೆ.

ಹರ್ಲಿಂಗ್ ಮರದ ಕೋಲಿನಿಂದ ಚೆಂಡು ಹೊಡೆಯುವ ಆಟ. ತಂಡಗಳು ಕೌಂಟಿವಾರು. ಆಟಗಾರರಿಗೆ ಸಂಬಳವಿಲ್ಲ, ಅವರನ್ನು ದುಡ್ಡು ಕೊಟ್ಟು ಕೊಳ್ಳುವ ಹಾಗೂ ಇಲ್ಲ. ಪಕ್ಕದ ಮನೆ ಹುಡುಗನೇ ಕಿಲ್ಕೆನ್ನಿಯ ಕಪ್ಪು-ಹಳದಿ ಜೆರ್ಸಿ ಹಾಕುತ್ತಾನೆ. ಕಿಲ್ಕೆನ್ನಿ 36 ಸಲ ಅಖಿಲ ಐರ್ಲೆಂಡ್ ಚಾಂಪಿಯನ್, ವಾಟರ್‌ಫರ್ಡ್ ಎರಡೇ ಸಲ. ಇಂಥ ತಂಡ ಬಿಟ್ಟುಕೊಡೋಕೆ ಮನಸ್ಸು ಬರಲ್ಲ ಅಲ್ವಾ?

ಆದರೆ ಆಡಳಿತದ ಗಡಿ ಬದಲಾದರೆ ತಂಡವೂ ಬದಲಾಗಬೇಕೆಂದಿಲ್ಲ. ಡಬ್ಲಿನ್ ಕೌಂಟಿ ಆಡಳಿತ 1994ರಲ್ಲಿ ಮೂರು ಹೋಳಾಯಿತು. ಡಬ್ಲಿನ್ ತಂಡ ಇವತ್ತಿಗೂ ಒಂದೇ.