ರಕ್ತಸಂಚಾರ ಹೆಚ್ಚಿಸುವ ಮಾತ್ರೆಯನ್ನು ಹುಡುಕಬೇಡಿ

ಮರೆವು ಕಾಣಿಸಿಕೊಂಡಿರುವ ತಾಯಿಯವರ ಸ್ಪೆಕ್ಟ್ ಸ್ಕ್ಯಾನಿನಲ್ಲಿ (ಮೆದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತದೆಂದು ತೋರಿಸುವ ಪರೀಕ್ಷೆ) ಮೆದುಳಿನ ರಕ್ತಸಂಚಾರ ಕಡಿಮೆಯೆಂದು ಬಂದಿದೆ, ಅದನ್ನು ಹೆಚ್ಚಿಸುವುದು ಹೇಗೆ ಎಂದು ಕೇಳಿದ್ದೀರಿ. ಮರೆವಿನ ಕಾಯಿಲೆಯಿದ್ದ ನನ್ನ ತಂದೆಯವರ ವರದಿಯಲ್ಲಿಯೂ ಮೆದುಳಿನ ಎರಡೂ ಬದಿಯ ಟೆಂಪೊರಲ್ (ಕಿವಿಯ ಬಳಿಯ) ಮತ್ತು ಪೆರೈಟಲ್ (ನೆತ್ತಿಯ ಹಿಂದಿನ) ಭಾಗಗಳಲ್ಲಿ ರಕ್ತಸಂಚಾರ ಕುಗ್ಗಿದೆ ಎಂದೇ ಇತ್ತು. ಎಲ್ಲೋ ರಕ್ತನಾಳ ಕಟ್ಟಿಕೊಂಡಿದೆ ಎಂದು ನಾನು ಅರ್ಥಮಾಡಿಕೊಂಡೆ. ಕತ್ತಿನ ರಕ್ತನಾಳಗಳ ಡಾಪ್ಲರ್ (ರಕ್ತದ ಹರಿವನ್ನು ನೋಡುವ ಅಲ್ಟ್ರಾಸೌಂಡ್) ಮಾಡಿಸಿದಾಗ ಅವು ಚೆನ್ನಾಗಿಯೇ ಇದ್ದವು. ಆದರೂ ಪಟ್ಟು ಬಿಡದೆ ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆ ತರಿಸಿದೆ, ಬೇರೆ ಬೇರೆ ವೈದ್ಯರಲ್ಲಿಗೆ ಅಲೆದೆ.

ನಾನು ತಪ್ಪಿದ್ದು ಇಲ್ಲಿ. ಸ್ಪೆಕ್ಟ್ ಪರೀಕ್ಷೆಯಲ್ಲಿ ಕೈಯ ರಕ್ತನಾಳಕ್ಕೆ ಚುಚ್ಚುವ, ವಿಕಿರಣ ಸೂಸುವ ಟೆಕ್ನೀಷಿಯಂ ಔಷಧಿಯು ರಕ್ತದೊಡನೆ ಮೆದುಳನ್ನು ತಲುಪಿ, ಒಂದೆರಡು ನಿಮಿಷಗಳಲ್ಲಿ ಜೀವಕೋಶಗಳೊಳಗೆ ಸೇರಿ ಅಲ್ಲಿಯೇ ನಿಲ್ಲುತ್ತದೆ. ಚಿತ್ರವನ್ನು ಆಮೇಲೆ ತೆಗೆದರೂ ಅದು ತೋರಿಸುವುದು ಚುಚ್ಚಿದ ಹೊತ್ತಿನ ರಕ್ತಸಂಚಾರವನ್ನು. ನರಕೋಶಗಳು ಎಲ್ಲಿ ಕಡಿಮೆ ದುಡಿಯುತ್ತವೆಯೋ ಅಲ್ಲಿಗೆ ರಕ್ತವೂ ಕಡಿಮೆ ಹರಿಯುತ್ತದೆ. ಗಿರಣಿ ಮುಚ್ಚಿದ ಊರಿನಲ್ಲಿ ವಿದ್ಯುತ್ ಬಳಕೆ ಇಳಿದರೆ ತಂತಿ ಕಡಿದಿದೆ ಎಂದಲ್ಲವಷ್ಟೆ? ಹಾಗೆಂದು ಈ ಇಳಿಕೆಯೆಲ್ಲ ಬರಿಯ ಪರಿಣಾಮವೂ ಅಲ್ಲ. ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಯ ಮಾದರಿಯಾಗಿ ಬೆಳೆಸಿದ ಇಲಿಗಳ ಮೆದುಳಿನಲ್ಲಿ ಬಿಳಿರಕ್ತಕಣಗಳು ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳಲ್ಲಿ ಸಿಕ್ಕಿಕೊಂಡು ಹರಿವನ್ನು ತಡೆಯುವುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಆ ತಡೆಯನ್ನು ಬಿಡಿಸುವ ಮಾತ್ರೆಯೇನೂ ಔಷಧಿ ಅಂಗಡಿಗೆ ಬಂದಿಲ್ಲ. ಗಿಂಕ್ಗೊವನ್ನಂತೂ ಅಮೆರಿಕದಲ್ಲಿ 3,069 ವೃದ್ಧರ ಮೇಲೆ ಪರೀಕ್ಷಿಸಿ, ಮರೆವಿನ ಕಾಯಿಲೆ ಬರುವುದನ್ನು ಅದು ತಡೆಯಲಿಲ್ಲವೆಂದು 2008ರಲ್ಲಿಯೇ ಪ್ರಕಟಿಸಿದ್ದರು.

ನಾನು ಹೀಗೆ ಅಲೆಯುತ್ತಿದ್ದ ಕಾಲದಲ್ಲಿ ತಂದೆಯವರಿಗೆ ಮನೆ, ಜಮೀನು, ತಮ್ಮ ಆರೈಕೆ ಎಲ್ಲದರ ಬಗ್ಗೆಯೂ ಸ್ಪಷ್ಟ ಅಭಿಪ್ರಾಯವಿತ್ತು. ಉಯಿಲಿನ ಮಾತೆತ್ತುವ ಹೊತ್ತಿಗೆ ಆ ಕಾಗದದ ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಇಷ್ಟವೇನಿತ್ತೆಂದು ಇಂದಿಗೂ ನಮಗೆ ಗೊತ್ತಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ಬದಲಿಸಿಕೊಳ್ಳಿ ಎನ್ನುತ್ತೇನೆ. ಎಷ್ಟು ಕಡಿಮೆಯಾಗಿದೆ ಎನ್ನುವುದಕ್ಕಿಂತ ಎಲ್ಲಿ ಕಡಿಮೆಯಾಗಿದೆ ಎಂದು ನರರೋಗ ತಜ್ಞರನ್ನು ಕೇಳಿ. ತಲೆಯ ಹಿಂಬದಿಯ ಆಕ್ಸಿಪಿಟಲ್ ಭಾಗವೂ ಕುಗ್ಗಿದ್ದರೆ ಅದು ಲೂಯಿ ಬಾಡಿ ಎಂಬ ಇನ್ನೊಂದು ಬಗೆಯ ಮರೆವಿನ ಕಾಯಿಲೆಯಿರಬಹುದು; ಆ ರೋಗಿಗಳಿಗೆ ಭ್ರಮೆ, ಉದ್ರೇಕ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂತಹ ಔಷಧಿಗಳು ಪ್ರಾಣಕ್ಕೇ ಅಪಾಯ ತರಬಲ್ಲವು. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆಯ ಬಗ್ಗೆ ವಿಚಾರಿಸಿ. ಅದರ ಗುಣ ಅಲ್ಪವಾದರೂ ನಿಜ. ಆಸ್ತಿಯ ಮತ್ತು ಆರೈಕೆಯ ವಿಚಾರವನ್ನು ತಾಯಿಯವರೊಡನೆ ಈ ತಿಂಗಳೇ, ಅವರ ಮನಸ್ಸು ತಿಳಿಯಾಗಿರುವ ಬೆಳಗಿನ ಹೊತ್ತಿನಲ್ಲಿ ಕುಳಿತು ಮಾತಾಡಿ.